ಗಸಿಗೆ ಯಾವ ವೈನ್?

ನನ್ನ ಸೋದರಮಾವ ಮುಂಬಯಿಯ ಫೋರ್ಟಿನ ಒಂದು ಪರ್ಮಿಟ್ ರೂಮಿನ ಗಲ್ಲದಲ್ಲಿ ಮೂವತ್ತೊಂದು ವರ್ಷ ಕೂತವರು. ತಾವು ಒಂದು ತೊಟ್ಟು ಕುಡಿದವರಲ್ಲ. ಈ ವರ್ಷ ಮಳೆಗಾಲದ ಮೊದಲು ಊರಿಗೆ ಹೋಗಿ ಅಲ್ಲೇ ಇದ್ದುಬಿಡುವುದೆಂದು ತೀರ್ಮಾನಿಸಿ, ಅಸಲ್ಫಾದ ಖೋಲಿಯನ್ನು ಮಾರಿ, ಸಾಮಾನು ಕಟ್ಟುತ್ತಿದ್ದರು. ನಾನು ನೋಡಲು ಹೋಗಿದ್ದಾಗ ಹೇಳಿದರು: "ಹೋಗುವ ಮೊದಲು ಒಂದು ಸಲ ಗಿರಾಕಿಯ ಹಾಗೆ ಕೂತು ಉಣ್ಣಬೇಕು ಮಾರಾಯ. ಗಲ್ಲದಿಂದ ಮೇಜು ನೋಡಿದ್ದು ಸಾಕು."

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನೀನು ಅದೆಂತದೋ ವೈನ್ ವೈನ್ ಅಂತ ಹೇಳ್ತಿಯಲ್ಲ, ಅದು ಗಸಿಗೆ ಆಗ್ತದಾ?" ಎಂದರು.

ತಮಾಷೆಗೆ ಕೇಳಿದರೋ ನಿಜಕ್ಕೂ ಕೇಳಿದರೋ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲಿ ಕುಡಿಯುವ ವಿಷಯವನ್ನು ಯಾರೂ ತಮಾಷೆಗೆ ಎತ್ತುವುದಿಲ್ಲ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಮೊದಲು ಫೋರ್ಟಿನ ಲಂಚ್ ಹೋಮುಗಳ ಕಡೆ ಹೋಗುವ.

ಸಿಎಸ್‌ಎಂಟಿಯಲ್ಲಿ ಇಳಿದು ದಾದಾಭಾಯಿ ನವರೋಜಿ ರಸ್ತೆ ಹಿಡಿದು ದಕ್ಷಿಣಕ್ಕೆ ನಡೆದರೆ, ಎಡಕ್ಕೆ ಬೋರಾ ಬಜಾರಿನ ಗಲ್ಲಿಗಳು, ಮುಂದೆ ಫಿರೋಜ್‌ಶಾ ಮೆಹ್ತಾ ರಸ್ತೆ, ಅದರಾಚೆ ಹಾರ್ನಿಮನ್ ಸರ್ಕಲ್. ಈ ಚೌಕದೊಳಗೆ ತುಳುನಾಡಿನ ಒಂದು ತುಂಡು ಇದೆ ಎಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಕವಾಸ್ಜಿ ಪಟೇಲ್ ಸ್ಟ್ರೀಟಿನಲ್ಲಿ ಮಹೇಶ್ ಲಂಚ್ ಹೋಮ್, ಹಾರ್ನಿಮನ್ ಸರ್ಕಲ್ ಹತ್ತಿರ ಅಪೂರ್ವ, ಕಾಲಾ ಘೋಡಾದ ಹಿಂದಿನ ಗಲ್ಲಿಯಲ್ಲಿ ತ್ರಿಷ್ಣಾ. ಇವು ಈಗ ವಿಮಾನದಿಂದ ಇಳಿದವರು ನೇರ ಬಂದು ಏಡಿ ತಿನ್ನುವ ಜಾಗಗಳಾಗಿವೆ. ಆದರೆ ಹುಟ್ಟಿದ್ದು ಹಾಗಲ್ಲ. 'ಲಂಚ್ ಹೋಮ್' ಎಂಬ ಹೆಸರೇ ಹೇಳುತ್ತದೆ: ಬ್ಯಾಂಕು, ಬಂದರು, ವಿಮಾ ಕಚೇರಿಗಳಲ್ಲಿ ದುಡಿಯುವ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರಿಗೆ ಮಧ್ಯಾಹ್ನ ಒಂದು ಗಂಟೆಗೆ ಮನೆಯಂಥ ಊಟ. ಅನ್ನ, ಮೀನು ಸಾರು, ಒಂದು ತುಂಡು ಹುರಿದ ಬಂಗುಡೆ. ಬಡಿಸುವ ಹುಡುಗರು ಊರಿನವರು. ಹಗಲು ತಟ್ಟೆ ಎತ್ತಿ ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಓಡುವವರು. ಮಾವನೂ 1966ರಲ್ಲಿ ಹದಿಮೂರರ ಪ್ರಾಯದಲ್ಲಿ ಹಾಗೆಯೇ ಬಂದು, ಕಪ್ಪು ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಲೆಕ್ಕ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಗಲ್ಲಕ್ಕೆ ಏರಿದವರು.

ಪರ್ಮಿಟ್ ರೂಮಿನ ಕತೆ ಬೇರೆ. 1949ರ ಮುಂಬಯಿ ಪಾನನಿಷೇಧ ಕಾಯ್ದೆಯ ಪ್ರಕಾರ ಈ ರಾಜ್ಯದಲ್ಲಿ ಕುಡಿಯಲು ಪರವಾನಗಿ ಬೇಕು. ಅರವತ್ತರ ದಶಕದಲ್ಲಿ ನಿಯಮ ಸಡಿಲವಾದರೂ ಕಾಗದ ಉಳಿಯಿತು. ಹಾಗಾಗಿ ಬೋರ್ಡಿನಲ್ಲಿ 'ಬಾರ್' ಎಂದು ಬರೆಯುವಲ್ಲಿ 'ಪರ್ಮಿಟ್ ರೂಮ್' ಎಂದು ಬರೆದರು. ಇವತ್ತಿಗೂ ಕಾಯ್ದೆ ಪುಸ್ತಕದಲ್ಲಿದೆ: ಒಂದು ದಿನದ ಪರ್ಮಿಟ್ ಐದು ರೂಪಾಯಿ, ಆಜೀವ ಪರ್ಮಿಟ್ ಸಾವಿರ ರೂಪಾಯಿ. ಇದನ್ನು ಓದುತ್ತಿರುವ ಮುಂಬಯಿ ಪುಣೆಯ ಎಷ್ಟು ಮಂದಿಯ ಹತ್ತಿರ ಆ ಕಾಗದ ಇದೆಯೋ, ದೇವರಿಗೇ ಗೊತ್ತು. ಮಾವ ಹೇಳುವ ಪ್ರಕಾರ ಅವರು ಬದುಕಿನಲ್ಲಿ ಅತಿ ಹೆಚ್ಚು ಹರಿದದ್ದು ಈ ಐದು ರೂಪಾಯಿಯ ಚೀಟಿಗಳನ್ನು.

ನಾನು ವೈನಿಗೆ ಬಂದದ್ದು ತಡವಾಗಿ, ಅದೂ ನಾಲಿಗೆಯ ಮೂಲಕ ಅಲ್ಲ, ನಾಶಿಕದ ಮೂಲಕ. ಮುಂಬಯಿಯಿಂದ ಕಸಾರಾ ಘಾಟಿ ಹತ್ತಿ ಮೂರು ನಾಲ್ಕು ಗಂಟೆ. ಅಲ್ಲಿಯ ದ್ರಾಕ್ಷಿ ನಮಗೆ ಮೊದಲಿಂದ ಗೊತ್ತು, ಲೋಕಲ್ ಸ್ಟೇಷನ್ನಿನ ಹೊರಗೆ ತಳ್ಳುಗಾಡಿಯಲ್ಲಿ ರಾಶಿ ಬೀಳುವ ಹಸಿರು ದ್ರಾಕ್ಷಿ. ತೊಂಬತ್ತರ ದಶಕದಲ್ಲಿ ರಾಜೀವ್ ಸಾಮಂತ್ ಅಮೆರಿಕದ ಕೆಲಸ ಬಿಟ್ಟು ಬಂದು ಗಂಗಾಪುರ ಅಣೆಕಟ್ಟಿನ ಹತ್ತಿರದ ಕುಟುಂಬದ ಜಮೀನಿನಲ್ಲಿ ಸೋವಿಯೋನ್ ಬ್ಲಾಂ, ಶೆನಿನ್ ಬ್ಲಾಂ ಎಂಬ ಬಿಳಿ ವೈನಿನ ತಳಿಗಳನ್ನು ನೆಟ್ಟರು. 2000ದಲ್ಲಿ ಸುಲಾದ ಮೊದಲ ಬಾಟಲಿಗಳು ಬಂದವು. 2001ರಲ್ಲಿ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣೆಗೆಂದೇ ಒಂದು ನೀತಿ ತಂದ ಮೇಲೆ ಸುತ್ತಮುತ್ತ ವೈನರಿಗಳು ಎದ್ದವು.

ಆದರೆ ಈ ಕತೆಯಲ್ಲಿ ನಾವು ಹಿಂದೆ ಬಿದ್ದವರಲ್ಲ. ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಹತ್ತಿರ ನಂದಿಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಗಳನ್ನು ಬೆಳೆಸಿ ಸುಲಾಗಿಂತ ಎಷ್ಟೋ ಮೊದಲೇ ವೈನ್ ಮಾಡಿದ್ದರು. ಅವರ 'ಲಾ ರಿಸರ್ವ್' ಕೆಂಪು ವೈನ್ ಬಹಳ ಕಾಲ ಭಾರತದ ಒಳ್ಳೆಯ ವೈನ್ ಯಾವುದು ಎಂಬ ಪ್ರಶ್ನೆಗೆ ಮೊದಲ ಉತ್ತರವಾಗಿತ್ತು. ಈಗ ಹಂಪಿಯ ಕಡೆ ಕೃಷ್ಮಾ ಇದೆ. ಸೋಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಫ್ರಾಟೆಲ್ಲಿ ಇದೆ. ವಿಜಯಪುರದವರು ಅಷ್ಟು ದ್ರಾಕ್ಷಿ ಬೆಳೆದೂ ಒಣಗಿಸಿ ಮಾರುತ್ತಾರಲ್ಲ ಎಂದು ನನಗೆ ಪ್ರತಿ ಸಲ ಅನಿಸುತ್ತದೆ. ಆದರೆ ತಿನ್ನುವ ದ್ರಾಕ್ಷಿ ಬೇರೆ, ವೈನಿನ ದ್ರಾಕ್ಷಿ ಬೇರೆ. ವೈನಿನದ್ದು ಸಣ್ಣದು, ದಪ್ಪ ಸಿಪ್ಪೆಯದು, ಬೀಜ ಇರುವಂಥದ್ದು. ಹಾಗೇ ತಿಂದರೆ ನಿಮಗೆ ಖುಷಿಯಾಗಲಿಕ್ಕಿಲ್ಲ.

ನಾಶಿಕದಲ್ಲಿ ತೋಟ ತೋರಿಸಿದ ಹುಡುಗ ಹೇಳಿದ ಒಂದು ಮಾತು ನೆನಪಿದೆ. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ನಿದ್ರೆ ಮಾಡುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲ, ಬಳ್ಳಿಗೆ ನಿದ್ರೆಯೇ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಬೇಸಿಗೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ. ಎರಡನೆಯ ಸವರುವಿಕೆಯ ಮೇಲೆ ಬಂದ ಗೊಂಚಲನ್ನಷ್ಟೇ ಜನವರಿಯಿಂದ ಮಾರ್ಚ್ ಒಳಗೆ ಕೊಯ್ಯುತ್ತಾರೆ. ಹೋಗುವುದಿದ್ದರೆ ಫೆಬ್ರುವರಿಯಲ್ಲಿ ಹೋಗಿ. ಶನಿವಾರ ಭಾನುವಾರ ಮಾತ್ರ ಬೇಡ, ಅರ್ಧ ಮುಂಬಯಿ ಅಲ್ಲೇ ಇರುತ್ತದೆ.

ಇನ್ನು ಮಾವನ ಪ್ರಶ್ನೆ. ನಮ್ಮ ಊಟ ವೈನಿಗೆ ಸುಲಭದ ಜೊತೆಗಾರ ಅಲ್ಲ. ಬ್ಯಾಡಗಿ ಮೆಣಸು, ಹುಳಿ, ತೆಂಗಿನಕಾಯಿ, ಬೆಳ್ಳುಳ್ಳಿ, ಎಲ್ಲವೂ ಒಟ್ಟಿಗೆ ಜೋರಾಗಿ ಮಾತಾಡುವ ಮನೆ. ಅಲ್ಲಿಗೆ ಗಟ್ಟಿ ಕೆಂಪು ವೈನ್ ತಂದು ಕೂರಿಸಿದರೆ ಜಗಳವೇ. ಕೆಂಪು ವೈನಿನಲ್ಲಿ ಸಿಪ್ಪೆಯಿಂದ ಬಂದ ಒಗರು ಇರುತ್ತದೆ, ತುಂಬಾ ಹೊತ್ತು ಕುದಿಸಿದ ಚಹಾದಲ್ಲಿ ಇರುವಂಥದ್ದು. ಖಾರದ ಬಾಯಿಗೆ ಆ ಒಗರು ಬಿದ್ದರೆ ಖಾರವೂ ಹೆಚ್ಚು, ಒಗರೂ ಹೆಚ್ಚು. ಮದ್ಯಾಂಶ ಹೆಚ್ಚಿದ್ದಷ್ಟೂ ಮೆಣಸು ಇನ್ನಷ್ಟು ಉರಿಯುತ್ತದೆ. ಮೀನಿನ ಜೊತೆಗೆ ಇನ್ನೊಂದು ಉಪದ್ರ ಇದೆ: ಕೆಲವು ಕೆಂಪು ವೈನುಗಳಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿಗೆ ತಾಗಿ ಬಾಯಲ್ಲಿ ಹಳೆ ಮೀನಿನ ವಾಸನೆ ಉಳಿಯುತ್ತದೆ. ಮೀನು ತಾಜಾ ಇದ್ದರೂ ಅಡುಗೆಯವನಿಗೆ ಬೈಗುಳ. ನಾನು ಮೊದಲ ಸಲ ಹೋಟೆಲಲ್ಲಿ ವೈನ್ ತರಿಸಿದಾಗ ಮಾಡಿದ್ದು ಇದೇ ತಪ್ಪು. ಶಿರಾಝ್ ಬಾಟಲಿ, ಬಂಗುಡೆ ಪುಳಿಮುಂಚಿ. ಎರಡೂ ಒಳ್ಳೆಯವೇ, ಒಟ್ಟಿಗೆ ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಿತ್ತು.

ಹಾಗಾದರೆ ಯಾವುದು? ನಾನು ಕಂಡುಕೊಂಡದ್ದು ಇಷ್ಟು. ಖಾರಕ್ಕೆ ಸ್ವಲ್ಪ ಸಿಹಿ ಬೇಕು, ಹುಳಿಗೆ ಹುಳಿಯೇ ಬೇಕು, ಕರಿದದ್ದಕ್ಕೆ ಗುಳ್ಳೆ ಆಗುತ್ತದೆ. ಗಸಿಗೆ, ಅದು ಕೋಳಿಯದಾಗಲಿ ಸಿಗಡಿಯದಾಗಲಿ, ತುಸು ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂ ಅಥವಾ ರೀಸ್ಲಿಂಗ್. ಆ ಸಿಹಿ ಮೆಣಸನ್ನು ತಣಿಸುತ್ತದೆ, ಹುಳಿ ತೆಂಗಿನ ಜಿಡ್ಡನ್ನು ತೊಳೆಯುತ್ತದೆ. ಪುಳಿಮುಂಚಿಯಂಥ ಹುಳಿ ಅಡುಗೆಗೆ ವೈನೂ ಹುಳಿಯಾಗಿರಬೇಕು, ಇಲ್ಲದಿದ್ದರೆ ನೀರು ಕುಡಿದ ಹಾಗೆ ಸಪ್ಪೆ. ರವೆ ಹಚ್ಚಿ ಹುರಿದ ಕಾಣೆಗೆ, ಬೊಂಬಿಲಿಗೆ ಸೋವಿಯೋನ್ ಬ್ಲಾಂ. ಅದರಲ್ಲೊಂದು ಹಸಿ ಹುಲ್ಲಿನ, ನಿಂಬೆಯ ವಾಸನೆ ಇರುತ್ತದೆ. ನಾವು ಮೀನಿನ ಮೇಲೆ ಹಿಂಡುವ ನಿಂಬೆಯ ಕೆಲಸವನ್ನೇ ಅದು ಮಾಡುತ್ತದೆ. ಜೇಬು ಒಪ್ಪಿದರೆ ನಾಶಿಕದಲ್ಲೇ ಮಾಡುವ ಶಾಂದೊನ್‌ನಂಥ ಗುಳ್ಳೆಯ ವೈನ್, ಕರಿದ ಮೀನಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕುಡಿದಿಲ್ಲ. ಕುಂದಾಪುರದ ಗೀ ರೋಸ್ಟಿಗೆ ಗುಲಾಬಿ ಬಣ್ಣದ ರೋಸೇ. ಒಣ ಕೋಳಿ ಸುಕ್ಕದ ಜೊತೆಗೆ ಮಾತ್ರ ಹಗುರದ ಕೆಂಪು ವೈನ್ ನಡೆಯುತ್ತದೆ, ಅದೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂದು ಹೇಳಿದವನ ಕೋಣೆ ಫ್ರಾನ್ಸಿನಲ್ಲಿತ್ತು, ಮೇ ತಿಂಗಳ ಘಾಟ್ಕೋಪರಿನಲ್ಲಿ ಅಲ್ಲ.

ಕೊಳ್ಳುವಾಗ ಒಂದೆರಡು ಎಚ್ಚರ. ಮುಂಬಯಿಯಲ್ಲಿ 'ವೈನ್ ಶಾಪ್' ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ವೈನ್ ಬಿಟ್ಟು ಉಳಿದದ್ದೆಲ್ಲ ಮುಂದೆ ಇರುತ್ತದೆ. ವೈನ್ ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಧೂಳು ಹಿಡಿದು ನಿಂತಿರುತ್ತದೆ. ಅದನ್ನು ತೆಗೆದುಕೊಳ್ಳಬೇಡಿ. ಒಳಗೆ ಫ್ರಿಜ್ಜಿನಲ್ಲಿ ಇದ್ದರೆ ಕೇಳಿ, ಇಲ್ಲದಿದ್ದರೆ ಎಸಿ ಇರುವ ಅಂಗಡಿಗೆ ಹೋಗಿ. ಲೇಬಲಿನ ಮೇಲೆ ವರ್ಷ ನೋಡಿ. ಹಳೆಯದಾದಷ್ಟೂ ಒಳ್ಳೆಯದು ಎಂಬುದು ನಮ್ಮ ಮಟ್ಟದ ಬಿಳಿ ವೈನಿಗೆ ಸಲ್ಲದ ಮಾತು, ಅದನ್ನು ಒಂದೆರಡು ವರ್ಷದೊಳಗೆ ಕುಡಿದು ಮುಗಿಸಬೇಕು. ತಿರುಪಿನ ಮುಚ್ಚಳ ಕಂಡು ಮೂಗು ಮುರಿಯಬೇಡಿ, ಬಿರಡೆಗಿಂತ ಅದೇ ವಾಸಿ. 750 ಮಿಲಿಯ ಬಾಟಲಿಯಲ್ಲಿ ಐದು ಗ್ಲಾಸು ಬರುತ್ತದೆ. ಇಬ್ಬರಿಗೆ ಅದು ಹೆಚ್ಚು, 375ರ ಅರ್ಧ ಬಾಟಲಿ ಸಿಕ್ಕಿದರೆ ಸಾಕು.

ಹೋಟೆಲು ಹುಡುಕುವುದರಲ್ಲಿ ನನಗೆ ಗುರು ಮಾವನೇ. ಫೋರ್ಟಿನ ಹೆಸರುವಾಸಿಗಳನ್ನು ಬಿಡಿ, ನಿಮ್ಮ ನಿಮ್ಮ ಪೇಟೆಯಲ್ಲೇ, ಠಾಣೆಯಲ್ಲಿ, ಚೆಂಬೂರಿನಲ್ಲಿ, ಪುಣೆಯ ಪಿಂಪ್ರಿಯಲ್ಲಿ, ಹೊರಗೆ ಹಳೆ ಬಣ್ಣದ ಬೋರ್ಡು ತೂಗುವ ಒಂದು ಲಂಚ್ ಹೋಮ್ ಇದ್ದೇ ಇರುತ್ತದೆ. ಅದು ಒಳ್ಳೆಯದೋ ಅಲ್ಲವೋ ತಿಳಿಯಲು ಮಾವನ ಉಪಾಯ: ಮಧ್ಯಾಹ್ನ ಮೂರು ಗಂಟೆಗೆ ಹೋಗಿ, ಕೆಲಸದವರು ಏನು ಉಣ್ಣುತ್ತಿದ್ದಾರೆ ನೋಡು. ಅವರ ತಟ್ಟೆಯಲ್ಲಿರುವ ಸಾರು ಗಿರಾಕಿಯ ಸಾರೇ ಆಗಿದ್ದರೆ ಕೂರು. ಬೇರೆ ಬೇಳೆಸಾರು ಮಾಡಿಕೊಂಡಿದ್ದರೆ ಎದ್ದು ಬಾ. ಎರಡನೆಯದು, ಮೀನಿನ ಹೆಸರು ಕೇಳಬೇಡ, 'ಇವತ್ತು ಯಾವುದು ಇಲ್ಲ' ಎಂದು ಕೇಳು. ಎಲ್ಲವೂ ಇದೆ ಎನ್ನುವವನ ಹತ್ತಿರ ಫ್ರೀಜರ್ ಇದೆ. ಮೂರನೆಯದು ವಾರ. ಸೋಮವಾರ, ಗುರುವಾರ ಮೀನು ತಿನ್ನದ ಜನ ಇಲ್ಲಿ ಬಹಳ. ಅಂದು ಮೀನು ಖರ್ಚಾಗುವುದಿಲ್ಲ, ಬುಧವಾರ ಶುಕ್ರವಾರ ಹೋಗು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಕೋಳಿ ತಿನ್ನು.

ಇಂಥ ಹೋಟೆಲುಗಳಲ್ಲಿ ಹೆಚ್ಚಿನವಕ್ಕೆ ಮದ್ಯದ ಪರವಾನಗಿ ಇಲ್ಲ. ಅದಕ್ಕೂ ದಾರಿಯಿದೆ. ಗಸಿ, ನೀರುದೋಸೆ ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೆ ಬನ್ನಿ, ಬಾಟಲಿ ಮನೆಯ ಫ್ರಿಜ್ಜಿನಲ್ಲಿ ಕಾಯುತ್ತಿರಲಿ. ನಾನು ಕಲಿತದ್ದೆಲ್ಲ ಹೀಗೆ ಮನೆಯ ಊಟದ ಮೇಜಿನ ಮೇಲೆ, ಸಾಧಾರಣ ನೀರಿನ ಗ್ಲಾಸಿನಲ್ಲಿ.

ಈಗ ಆ ಕಾರಣ. ಮಾವನಿಗೊಬ್ಬ ತಮ್ಮ ಇದ್ದರು, ನನ್ನ ಕಿರಿಯ ಮಾವ. ಅಣ್ಣನ ಹಿಂದೆಯೇ ಮುಂಬಯಿಗೆ ಬಂದು, ಇನ್ನೊಂದು ಪರ್ಮಿಟ್ ರೂಮಿನಲ್ಲಿ ವೇಟರ್ ಆಗಿ, ರಾತ್ರಿ ಒಂದು ಗಂಟೆಗೆ ಶಟರ್ ಎಳೆದ ಮೇಲೆ ಗ್ಲಾಸುಗಳಲ್ಲಿ ಉಳಿದದ್ದನ್ನು ಕುಡಿಯಲು ಶುರು ಮಾಡಿದವರು. ಆಮೇಲೆ ಉಳಿದದ್ದು ಸಾಲದಾಯಿತು. ನಲವತ್ತೆರಡಕ್ಕೆ ಹೋದರು. ಅಮ್ಮ ಕೊನೆಯವರೆಗೂ ತನ್ನ ಅಣ್ಣನನ್ನೂ ಪೂರ್ತಿ ಕ್ಷಮಿಸಲಿಲ್ಲ. ನೀನು ಮಾರುವುದನ್ನೇ ಅವನು ಕುಡಿದ ಎಂದು ಒಂದೇ ಒಂದು ಸಲ ಹೇಳಿದ್ದಳು, ಮಾವ ಉತ್ತರ ಕೊಟ್ಟಿರಲಿಲ್ಲ. ಹಾಗಾಗಿ ವೈನಿನ ಬಗ್ಗೆ ಇಷ್ಟು ಉತ್ಸಾಹದಿಂದ ಬರೆಯುವಾಗಲೂ ನನ್ನ ಕೈ ಒಂದು ಕಡೆ ತಡೆಯುತ್ತದೆ. ವೈನ್ ಬೇರೆ, ವಿಸ್ಕಿ ಬೇರೆ ಎಂದು ವಾದ ಮಾಡುವವರಿದ್ದಾರೆ. ಯಕೃತ್ತಿಗೆ ಆ ವ್ಯತ್ಯಾಸ ಗೊತ್ತಿಲ್ಲ. ನಾನು ಊಟವಿಲ್ಲದೆ ಕುಡಿಯುವುದಿಲ್ಲ, ಒಬ್ಬನೇ ಕುಡಿಯುವುದಿಲ್ಲ. ಯಾರಾದರೂ ಬೇಡ ಅಂದರೆ ಎರಡನೆಯ ಸಲ ಕೇಳುವುದಿಲ್ಲ. ಈ ಮೂರನ್ನು ಮಾತ್ರ ನಾನು ನಿಯಮ ಎಂದು ಇಟ್ಟುಕೊಂಡಿದ್ದೇನೆ.

ಮಾವನನ್ನು ಕರೆದುಕೊಂಡು ಹೋದದ್ದು ಮಾರ್ಚಿನ ಒಂದು ಬುಧವಾರ, ಫೋರ್ಟಿನ ಒಂದು ಗಲ್ಲಿಗೆ. ಪರವಾನಗಿ ಇರುವ ಸಣ್ಣ ಹೋಟೆಲು, ಹನ್ನೆರಡೇ ಮೇಜು. ಮಾವ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಒಳಗೆ ಹೋದವರೇ ಅಭ್ಯಾಸಬಲದಿಂದ ಗಲ್ಲದ ಕಡೆಗೆ ತಿರುಗಿದರು, ನಾನು ತೋಳು ಹಿಡಿದು ಮೇಜಿಗೆ ಕರೆದೆ. ಗೋಡೆಗೆ ಬೆನ್ನು ಮಾಡಿ, ಬಾಗಿಲು ಕಾಣುವ ಹಾಗೆ ಕೂತರು. ವೇಟರ್ ಹೆಬ್ರಿ ಕಡೆಯ ಹುಡುಗ. ತುಳುವಿನಲ್ಲಿ ಎರಡು ಮಾತು ಆಗುವಷ್ಟರಲ್ಲಿ ಅವನ ಅಜ್ಜನ ಮನೆಯವರೆಗೆ ಸಂಬಂಧ ಹೋಯಿತು.

"ಇವತ್ತು ಯಾವುದು ಇಲ್ಲ?"

"ಮಾಂಜಿ ಇಲ್ಲ ಮಾವ. ಅಂಜಲ್ ನಿನ್ನೆಯದ್ದು, ಬೇಡ. ಕಾಣೆ ಉಂಟು, ಮರುವಾಯಿ ಉಂಟು."

ಮಾವ ನನ್ನ ಕಡೆ ನೋಡಿ ತಲೆಯಾಡಿಸಿದರು, ಪರೀಕ್ಷೆಯಲ್ಲಿ ಪಾಸಾದ ಹುಡುಗನನ್ನು ನೋಡುವ ಹಾಗೆ. ಕಾಣೆ ಹುರಿದದ್ದು, ಮರುವಾಯಿ ಸುಕ್ಕ, ಕೋಳಿ ಗಸಿ, ನೀರುದೋಸೆ, ಎರಡು ಸೋಲ್‌ಕಡಿ. ನಾನು ಒಂದು ಶೆನಿನ್ ಬ್ಲಾಂ ಹೇಳಿದೆ, ಒಂದೇ ಗ್ಲಾಸು ಸಾಕು ಎಂದೆ. ಹುಡುಗ ಎರಡು ತಂದಿಟ್ಟ. ಮಾವ ಎರಡನೆಯದನ್ನು ವಾಪಸು ಕಳಿಸಲಿಲ್ಲ.

ಕಾಣೆಯ ಮೊದಲ ತುಂಡು ಬಾಯಿಗೆ ಹೋಗುವವರೆಗೂ ಅವರು ಗ್ಲಾಸು ಮುಟ್ಟಲಿಲ್ಲ. ಆಮೇಲೆ ಎತ್ತಿ, ಬೆಳಕಿಗೆ ಹಿಡಿದು, ಮೂಸಿದರು. ಗಲ್ಲದಲ್ಲಿ ಕಲಬೆರಕೆ ಪರೀಕ್ಷಿಸುತ್ತಿದ್ದ ಅಭ್ಯಾಸ ಇರಬೇಕು. ಒಂದು ಗುಟುಕು. ಗಸಿಯಲ್ಲಿ ಅದ್ದಿದ ದೋಸೆ. ಇನ್ನೊಂದು ಗುಟುಕು. ಎಷ್ಟೋ ಹೊತ್ತು ಏನೂ ಹೇಳಲಿಲ್ಲ.

"ಪುನರ್ಪುಳಿ ಶರಬತ್ತಿಗೆ ಸಕ್ಕರೆ ಹಾಕಲು ಮರೆತ ಹಾಗೆ ಉಂಟು," ಎಂದರು ಕೊನೆಗೆ. "ಗಸಿಗೆ ಆಗ್ತದೆ. ಆಗದೆ ಏನು."

ಮತ್ತೆ ಗ್ಲಾಸನ್ನು ನನ್ನ ಕಡೆ ಸರಿಸಿದರು. "ಅವನಿಗೆ ಯಾರೂ ಹೀಗೆ ಕೂರಿಸಿ ಉಣ್ಣಿಸಿ ಕೊಡಲಿಲ್ಲ. ನಿಂತುಕೊಂಡು ಕುಡಿದದ್ದು ಅವನು, ಹಿಂದಿನ ಬಾಗಿಲಲ್ಲಿ, ಹೊಟ್ಟೆಗೆ ಏನೂ ಇಲ್ಲದೆ."

ಕಿರಿಯ ಮಾವನ ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮರುವಾಯಿಯ ಚಿಪ್ಪುಗಳನ್ನು ತಟ್ಟೆಯ ಒಂದು ಬದಿಗೆ ಒಪ್ಪವಾಗಿ ಜೋಡಿಸುತ್ತಾ, ಸೋಲ್‌ಕಡಿ ಕುಡಿದು ಮುಗಿಸಿದರು. ಆ ಗ್ಲಾಸಿನಲ್ಲಿದ್ದದ್ದನ್ನು ನಾನು ಕುಡಿದೆ. ಬಾಟಲಿಯಲ್ಲಿ ಅರ್ಧ ಉಳಿಯಿತು, ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡೆ.

ಬಿಲ್ ಬಂತು. ನಾನು ಪಾಕೀಟು ತೆಗೆಯುವಷ್ಟರಲ್ಲಿ ಮಾವ ಬಿಲ್ಲನ್ನು ತಮ್ಮ ಕಡೆಗೆ ಎಳೆದುಕೊಂಡು, ಅಂಗಿಯ ಕಿಸೆಯಿಂದ ಪೆನ್ನು ತೆಗೆದು, ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಇಳಿದರು. ಕೆಳಗೆ ಬಂದು ನಿಂತರು. ಹುಡುಗನನ್ನು ಕರೆದರು.

"ಎರಡು ಸೋಲ್‌ಕಡಿ ಬಿಟ್ಟಿದ್ದೀಯ. ಬರೆದು ತಾ. ಮತ್ತೆ, ಐದು ರೂಪಾಯಿಯ ಚೀಟಿ ಎಲ್ಲಿ? ಎರಡು ಬೇಕು, ನನಗೂ ಒಂದು."